ತಿಪ್ಪೆ ಸಾರಿಸಿದರೆ ತೋಟ ಹಸಿರಾಗದು



ನಮ್ಮ ಸಂಘದ ಕಳೆದ ಸಾಲಿನ ವರದಿಯಲ್ಲಿ ಒಂದು ವಾಕ್ಯವಿದೆ. ಯುಗಾದಿ ಮತ್ತು ದೀಪಾವಳಿಯ ಭೋಜನಕೂಟಗಳು ‘ಶೂನ್ಯ ತ್ಯಾಜ್ಯ’ವಾಗಿ ನಡೆದವೆಂದೂ, ಊಟದ ತಟ್ಟೆ, ಚಮಚ, ಉಳಿದ ಅನ್ನ ಎಲ್ಲವೂ ನಮ್ಮ ಸಮುದಾಯ ತೋಟದಲ್ಲಿ ಗೊಬ್ಬರವಾದವೆಂದೂ ಅದು ಹೇಳುತ್ತದೆ. ಸಭೆಯಲ್ಲಿ ಅದನ್ನು ಓದಿದಾಗ ದೀರ್ಘ ಕರತಾಡನವಾಯಿತು. ನಾವೂ ಚಪ್ಪಾಳೆ ತಟ್ಟಿದೆವು.

ಆ ವಾಕ್ಯ ನಿಜವಲ್ಲ. ಬರೆದವರು ಬೇಕೆಂದು ಸುಳ್ಳು ಹೇಳಿದರೆಂಬುದು ನಮ್ಮ ಆರೋಪವಲ್ಲ. ಹನ್ನೊಂದು ಕಪ್ಪು ಚೀಲಗಳು ಸಭಾಂಗಣದಿಂದ ಹೊರಟು ಕಣ್ಮರೆಯಾದದ್ದನ್ನು ಅವರು ಕಂಡಿದ್ದರು, ಕಣ್ಮರೆಯಾದದ್ದು ಕರಗಿತೆಂದು ನಂಬಿದ್ದರು. ಕರಗಿತೋ ಇಲ್ಲವೋ ಎಂಬುದನ್ನು ನೋಡಬೇಕಾಗಿ ಬಂದದ್ದು ವೃತ್ತಿಯಿಂದ ವೈದ್ಯರಾಗಿಯೂ ಭಾನುವಾರಗಳಲ್ಲಿ ತೋಟದ ಸ್ವಯಂಸೇವಕರಾಗಿಯೂ ಇರುವ ನಮಗೆ. ಫೆಬ್ರವರಿಯ ಕೊನೆಯ ಭಾನುವಾರ, ಬೀನ್ಸ್ ಮತ್ತು ಕುಂಬಳದ ಪಾತಿಗಳಿಗೆ ಗೊಬ್ಬರ ಹರಡೋಣವೆಂದು ರಾಶಿಗೆ ಕವೆಗೋಲು ಹಾಕಿದೆವು. ಮೇಲಿನ ಒಂದು ಅಡಿ ತೆಗೆದೊಡನೆ ಬಂದ ವಾಸನೆ ಗೊಬ್ಬರದ್ದಾಗಿರಲಿಲ್ಲ, ಹಳಸಿದ ಮೊಸರನ್ನದ್ದಾಗಿತ್ತು. ಅದರ ಕೆಳಗೆ ಯುಗಾದಿಯ ಚಮಚಗಳು ಹತ್ತು ತಿಂಗಳು ಕಳೆದರೂ ತೊಳೆದಿಟ್ಟಂತೆ ಬೆಳ್ಳಗಿದ್ದವು. ಪಾನಕದ ಪಾರದರ್ಶಕ ಲೋಟಗಳು ಒಂದರೊಳಗೊಂದು ಸೇರಿಕೊಂಡು ಹಾಗೆಯೇ ಇದ್ದವು. ‘ಕಾಂಪೋಸ್ಟಬಲ್’ ಎಂಬ ಅಚ್ಚು ಇನ್ನೂ ಓದುವಂತಿತ್ತು. ಕಬ್ಬಿನ ಸಿಪ್ಪೆಯ ತಟ್ಟೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಅಡಿಕೆ ಹಾಳೆಯ ತಟ್ಟೆಗಳಲ್ಲಿ ಯಾರೋ ಪುಣ್ಯಾತ್ಮರು ಮುರಿದು ಹಾಕಿದ್ದವು ಮಾತ್ರ ಅರ್ಧ ಮಣ್ಣಾಗಿದ್ದವು. ಮರದ ಚೌಕಟ್ಟಿನ ಮೂಲೆಯಲ್ಲಿ ಇಲಿಯ ಬಿಲಗಳು ಎರಡಿದ್ದವು.

ಮೂರು ವಾರದ ಬಳಿಕ ಕೌನ್ಸಿಲ್‌ನಿಂದ ಪತ್ರ ಬಂತು. ಪಕ್ಕದ ತುಂಡಿನವರು ಇಲಿಗಳ ಬಗ್ಗೆ ದೂರಿತ್ತಿದ್ದರು. ಹೊರಗಿನ ಕಸವನ್ನು ತಂದು ಸುರಿಯುವುದು ಗುತ್ತಿಗೆಯ ಷರತ್ತಿಗೆ ವಿರುದ್ಧವಾದುದರಿಂದ ಒಂದು ತಿಂಗಳಲ್ಲಿ ತೆರವುಗೊಳಿಸಬೇಕು, ಇಲ್ಲವಾದರೆ ತುಂಡುಗಳನ್ನು ಹಿಂಪಡೆಯುವ ಕ್ರಮ ಜರುಗಿಸಲಾಗುವುದು ಎಂಬುದು ಒಕ್ಕಣೆ. ಹೊಸದಾಗಿ ಸೇರಿದ ಕುಟುಂಬಗಳಿಗಾಗಿ ಒಂದು ಮಾತು: ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್ ಎಂಬುದು ಯಾರೋ ದಯೆಯಿಂದ ಬಿಟ್ಟುಕೊಟ್ಟ ಖಾಲಿ ಜಾಗವಲ್ಲ. 1908ರ ಕಾಯಿದೆ ಸಾಮಾನ್ಯ ಜನರಿಗೆ ತರಕಾರಿ ಬೆಳೆಯಲು ನೆಲ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. ಪೂರ್ಣ ತುಂಡೆಂದರೆ ಸುಮಾರು 250 ಚದರ ಮೀಟರ್. ಅಂಥ ಎರಡು ತುಂಡುಗಳಿಗಾಗಿ ನಮ್ಮ ಸಂಘ ಆರು ವರ್ಷ ಕಾದಿತ್ತು. ಕಳೆದುಕೊಳ್ಳಲು ಒಂದು ತಿಂಗಳು ಸಾಕು.

ಇಷ್ಟನ್ನು ಸಮಿತಿಗೆ ತಿಳಿಸಿದಾಗ ಬಂದ ಮೊದಲ ಉತ್ತರ, “ಚಮಚಗಳನ್ನು ಆರಿಸಿ ತೆಗೆದು, ಮೇಲೆ ನಾಲ್ಕು ಚೀಲ ಒಳ್ಳೆಯ ಗೊಬ್ಬರ ಹರಡಿಬಿಡಿ, ಅಧಿಕಾರಿ ಬಂದಾಗ ಚೆನ್ನಾಗಿ ಕಾಣಲಿ.” ಕನ್ನಡದಲ್ಲಿ ಇದಕ್ಕೊಂದು ಹೆಸರು ಮೊದಲೇ ಇದೆ: ತಿಪ್ಪೆ ಸಾರಿಸುವುದು. ಇಷ್ಟು ಯಥಾವತ್ತಾಗಿ ಆ ಮಾತು ಅನ್ವಯಿಸಿದ್ದನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಪೆಟ್ಟಿಗೆಯ ಮೇಲಿನ ಹಸಿರೆಲೆಯ ಚಿತ್ರವನ್ನು ನಂಬಿದ್ದು ತಪ್ಪೇ ಎಂದು ಕೇಳುವವರಿಗೆ ಅದರ ಅರ್ಥವನ್ನು ವಿವರಿಸಬೇಕು. ಯುರೋಪಿನ ಇಎನ್ 13432 ಎಂಬ ಮಾನದಂಡದ ಪ್ರಕಾರ ಪ್ಯಾಕಿಂಗ್ ವಸ್ತುವೊಂದನ್ನು ಗೊಬ್ಬರವಾಗಬಲ್ಲದು ಎಂದು ಕರೆಯಬೇಕಾದರೆ, ಹನ್ನೆರಡು ವಾರಗಳ ನಂತರ ಅದರ ಶೇಕಡಾ 90 ಭಾಗ 2 ಮಿಲಿಮೀಟರ್ ಜರಡಿಯಲ್ಲಿ ಹಾದುಹೋಗುವಷ್ಟು ಪುಡಿಯಾಗಿರಬೇಕು. ಆದರೆ ಆ ಪರೀಕ್ಷೆ ನಡೆಯುವುದು ಕಾರ್ಖಾನೆಯ ಗೊಬ್ಬರ ಘಟಕದ ಪರಿಸ್ಥಿತಿಯಲ್ಲಿ. ಅಲ್ಲಿ ಉಷ್ಣತೆಯನ್ನು 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ವಾರಗಟ್ಟಲೆ ಕಾಯ್ದಿರಿಸುತ್ತಾರೆ. ಜೋಳದ ಪಿಷ್ಟದಿಂದ ಮಾಡಿದ್ದು ಎಂದು ಹೇಳಲಾಗುವ ಪಿಎಲ್‌ಎ ಪ್ಲಾಸ್ಟಿಕ್ ಒಡೆಯಬೇಕಾದರೆ ಆ ಬಿಸಿ ಬೇಕೇ ಬೇಕು. ನಮ್ಮ ರಾಶಿಗೆ ಅಂದು ಚುಚ್ಚಿದ ಉಷ್ಣಮಾಪಕ ತೋರಿಸಿದ್ದು 9 ಡಿಗ್ರಿ. ಅದು ಗೊಬ್ಬರದ ಗುಂಡಿಯಲ್ಲ, ಶೀತಲಪೆಟ್ಟಿಗೆ!

ಮನೆಯ ಗೊಬ್ಬರಕ್ಕೂ ಆಗುತ್ತದೆ ಎಂದು ಮುದ್ರೆ ಪಡೆದ ಪ್ಲಾಸ್ಟಿಕ್‌ಗಳ ಕಥೆಯೂ ಬಹಳ ಬೇರೆಯಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಬ್ರಿಟನ್ನಿನ ಸಾಮಾನ್ಯ ಜನರ ಹಿತ್ತಲುಗಳಲ್ಲಿಯೇ ಪರೀಕ್ಷೆ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಥ ವಸ್ತುಗಳಲ್ಲಿ ಶೇಕಡಾ 60ರಷ್ಟು ಪೂರ್ಣವಾಗಿ ಕರಗಲಿಲ್ಲ. ಅವುಗಳ ಚೂರುಗಳು ಮಣ್ಣಿಗೆ ಸೇರುತ್ತವೆ, ಮಣ್ಣಿನಿಂದ ನಮ್ಮ ಮಕ್ಕಳು ಕಿತ್ತು ತರುವ ಮೂಲಂಗಿಯ ಮೈಗೆ ಅಂಟುತ್ತವೆ.

ಕಾನೂನೂ ಈ ಮರುಳಿಗೆ ಒಳಗಾಗಿಲ್ಲ. 2023ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ-ಮುಳ್ಳುಚಮಚಗಳನ್ನು ವ್ಯಾಪಾರಿಗಳು ಪೂರೈಸುವಂತಿಲ್ಲ. ಪ್ಲಾಸ್ಟಿಕ್ ತಟ್ಟೆ, ಬಟ್ಟಲುಗಳಿಗೂ ಕೆಲವು ವಿನಾಯಿತಿಗಳೊಡನೆ ಅದೇ ನಿಷೇಧ. ಜೈವಿಕವಾಗಿ ಕರಗುವ ಪ್ಲಾಸ್ಟಿಕ್ಕಿಗೆ ಅಲ್ಲಿ ರಿಯಾಯಿತಿಯಿಲ್ಲ. ನಮ್ಮ ಚಮಚಗಳು ಅದಕ್ಕೂ ಮುಂಚೆ ಕೊಂಡು ಉಗ್ರಾಣದಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳಿಂದ ಬಂದವು. ‘ಖರ್ಚಾಗಿಬಿಡಲಿ’ ಎಂದು ಬಡಿಸಿದೆವು. ಯಾರ ಖರ್ಚಿನಲ್ಲಿ ಎಂಬುದನ್ನು ಕೇಳಲಿಲ್ಲ.

ಈಗ ಎರಡನೆಯ ವಾದಕ್ಕೆ ಬರೋಣ. ಇದು ಹೃದಯದಿಂದ ಬರುವ ವಾದವಾದ್ದರಿಂದ ಇದಕ್ಕೆ ನಿಧಾನವಾಗಿ ಉತ್ತರಿಸಬೇಕು. ನಮ್ಮ ಬಳಗದ ಹಿರಿಯರೊಬ್ಬರು ತೋಟದ ಬಾಗಿಲಲ್ಲೇ ನಮ್ಮನ್ನು ತಡೆದು, “ಡಾಕ್ಟ್ರೇ, ನಮ್ಮಜ್ಜಿ ಎಲ್ಲಾನೂ ತಿಪ್ಪೆಗೇ ಹಾಕ್ತಿದ್ರು. ಅನ್ನ, ಎಲೆ, ಮುಸುರೆ ಎಲ್ಲಾ. ಏನಾಗಿತ್ತು ಹೇಳಿ?” ಎಂದರು. ಏನೂ ಆಗಿರಲಿಲ್ಲ, ನಿಜ. ಆದರೆ ಅಜ್ಜಿ ಎಲ್ಲವನ್ನೂ ತಿಪ್ಪೆಗೆ ಹಾಕುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನದ ಗಂಜಿ ಇವು ಕಲಗಚ್ಚಾಗಿ ಹಸುವಿನ ಬಾನಿಗೆ ಹೋಗುತ್ತಿದ್ದವು. ಊಟದ ಎಲೆಯನ್ನು ಹಸುವೋ ಎಮ್ಮೆಯೋ ತಿನ್ನುತ್ತಿತ್ತು. ತಿಪ್ಪೆಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಸಗಣಿ, ಕೊಟ್ಟಿಗೆಗೆ ಹಾಸಿ ತುಳಿಸಿದ ಸೊಪ್ಪು, ತರಗೆಲೆ, ಒಲೆಯ ಬೂದಿ. ಮಲೆನಾಡಿನವರಾದರೆ ಸೊಪ್ಪಿನಬೆಟ್ಟವನ್ನು ಅದಕ್ಕೆಂದೇ ಕಾಪಾಡಿಕೊಂಡಿದ್ದರು. ಗೊಬ್ಬರ ಕಳಿಯಬೇಕಾದರೆ ಇಂಗಾಲ ಮತ್ತು ಸಾರಜನಕ ಸುಮಾರು 25ರಿಂದ 30ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು ಕೃಷಿ ವಿಜ್ಞಾನ ಹೇಳುತ್ತದೆ. ಅಜ್ಜಿಗೆ ಲೆಕ್ಕ ಗೊತ್ತಿರಲಿಲ್ಲ, ಕೈಯಳತೆ ಗೊತ್ತಿತ್ತು. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣ ತರಗು.

ನಾವು ಸುರಿದದ್ದೇನು? ದೀಪಾವಳಿಯ ಮರುದಿನ ಕುತೂಹಲಕ್ಕೆಂದು ಚೀಲಗಳನ್ನು ತೂಗಿದ್ದೆವು: 58 ಕಿಲೋ. ಅದರಲ್ಲಿ ಬಹುಪಾಲು ಬಿಸಿಬೇಳೆಬಾತ್, ಮೊಸರನ್ನ, ಪನೀರ್ ಪಲ್ಯ, ಪೂರಿ. ಉಪ್ಪು, ಎಣ್ಣೆ, ಹಾಲಿನ ಪದಾರ್ಥ. ಇವನ್ನು ತೆರೆದ ರಾಶಿಗೆ ಹಾಕಬಾರದೆಂಬುದು ಈ ದೇಶದ ಯಾವ ತೋಟಗಾರನಿಗಾದರೂ ಗೊತ್ತು. ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯನ್ನು ಹಿಡಿದಿಡುವ ಅನಿಲ. ಇಲ್ಲಿ ಹಸುವೂ ಇಲ್ಲ. ಕೋಳಿ ಸಾಕಿರುವವರು ‘ನಮ್ಮ ಕೋಳಿಗಾದರೂ ಹಾಕೋಣ’ ಎನ್ನಬೇಡಿ. ಮನೆಯ ಅಡುಗೆಮನೆಯಲ್ಲಿ ಹಾದುಬಂದ ಆಹಾರವನ್ನು ಕೋಳಿಗೆ ತಿನ್ನಿಸುವುದು ಇಲ್ಲಿ ಕಾನೂನುಬಾಹಿರ. ಅಜ್ಜಿಯ ತಿಪ್ಪೆಯ ಹೆಸರು ಹೇಳಿ ಅಜ್ಜಿ ಎಂದೂ ಮಾಡದ ಕೆಲಸವನ್ನು ನಾವು ಮಾಡಿದ್ದೇವೆ.

ವೈದ್ಯರಾಗಿ ಹೇಳಲೇಬೇಕಾದ ಒಂದೆರಡು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಕರಾವಳಿಯವರಿಗೆ ‘ಇಲಿಜ್ವರ’ವೆಂದು ಚೆನ್ನಾಗಿ ಪರಿಚಿತ. ಒದ್ದೆ ಮಣ್ಣಿನಲ್ಲಿ ಬರಿಗೈಯಲ್ಲಿ ಕೆಲಸ ಮಾಡುವವರ ತರಚು ಗಾಯಗಳ ಮೂಲಕ ಅದು ದೇಹವನ್ನು ಸೇರುತ್ತದೆ; ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು; ಉಲ್ಬಣಿಸಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ. ನಮ್ಮ ತೋಟದಲ್ಲಿ ಮಕ್ಕಳು ಬರಿಗೈಯಲ್ಲಿ ಎರೆಹುಳು ಹುಡುಕುತ್ತಾರೆ. ಇನ್ನೊಂದು, ಲೀಜಿಯನೆಲ್ಲಾ ಲಾಂಗ್‌ಬೀಚೇ ಎಂಬ ಸೂಕ್ಷ್ಮಾಣು. ಗೊಬ್ಬರದಲ್ಲಿ, ಅಂಗಡಿಯ ಕುಂಡದ ಮಣ್ಣಿನಲ್ಲಿಯೂ ಇರುತ್ತದೆ. ಧೂಳಿನೊಂದಿಗೆ ಉಸಿರಿಗೆ ಹೋದರೆ ನ್ಯುಮೋನಿಯಾ. 2013ರಲ್ಲಿ ಸ್ಕಾಟ್ಲೆಂಡಿನಲ್ಲಿ ತೋಟಗಾರರಲ್ಲಿ ಇದರ ಪ್ರಕರಣಗಳು ಕಂಡುಬಂದಿದ್ದವು. ಆಸ್ಪತ್ರೆಗಳಲ್ಲಿ ಲೀಜಿಯನೆಲ್ಲಾಗೆಂದು ವಾಡಿಕೆಯಾಗಿ ಮಾಡುವ ಮೂತ್ರಪರೀಕ್ಷೆ ಈ ಪ್ರಭೇದವನ್ನು ಹಿಡಿಯುವುದಿಲ್ಲ. ಆದುದರಿಂದ ವಯಸ್ಸಾದ ತಂದೆತಾಯಂದಿರು ಬೇಸಿಗೆಗೆ ಬಂದು ತೋಟದಲ್ಲಿ ಕೈಯಾಡಿಸಿ, ಆಮೇಲೆ ಜ್ವರ-ಕೆಮ್ಮು ಬಂದರೆ, ‘ಮಣ್ಣಿನ ಕೆಲಸ ಮಾಡಿದ್ದರು’ ಎಂಬ ಒಂದು ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಇದರಿಂದ ಹೆದರಿ ತೋಟಕ್ಕೆ ಬರುವುದನ್ನು ಬಿಡಬೇಕಿಲ್ಲ. ಕೈಗವಸು, ಸಾಬೂನು, ಧೂಳೆಬ್ಬಿಸದ ಹಾಗೆ ನೀರು ಚಿಮುಕಿಸುವುದು ಸಾಕು. ಇಲಿಗಳಿಗೆ ಔತಣ ಮಾತ್ರ ಬೇಡ.

ಆದರೆ ನಮ್ಮನ್ನು ನಿಜಕ್ಕೂ ಕಾಡಿದ್ದು ರೋಗಾಣುಗಳಲ್ಲ. ಆ ರಾಶಿಯನ್ನು ಬಿಡಿಸಿ, ಚಮಚ ಬೇರೆ, ಲೋಟ ಬೇರೆ, ಕೊಳೆತ ಅನ್ನ ಬೇರೆ ಮಾಡಲು ಎರಡು ಭಾನುವಾರಗಳು ಹಿಡಿದವು. ಎಲ್ಲ ಸದಸ್ಯ ಕುಟುಂಬಗಳಿಗೂ ಸಂದೇಶ ಹೋಗಿತ್ತು. ಬಂದವರು ಏಳು ಮಂದಿ, ಐವರು ಹೆಂಗಸರು. ಅವರೇ ಹಬ್ಬದ ದಿನ ಅಡುಗೆಮನೆಯಲ್ಲಿಯೂ ಇದ್ದವರು. ಒಬ್ಬ ಮಿತ್ರರು ದೂರವಾಣಿಯಲ್ಲಿ ಸಂಕೋಚದಿಂದಲೇ ನಿಜ ಹೇಳಿದರು: “ಬೇರೆಯವರ ಎಂಜಲು ಮುಟ್ಟೋದಕ್ಕೆ ಆಗಲ್ಲ ಡಾಕ್ಟ್ರೇ, ಕ್ಷಮಿಸಿ.”

ಪ್ರಾಮಾಣಿಕವಾದ ಮಾತು, ಅದಕ್ಕಾಗಿಯೇ ಅದನ್ನು ಇಲ್ಲಿ ಚರ್ಚಿಸುತ್ತಿದ್ದೇವೆ. ಎಂಜಲನ್ನು ನಾವು ಮುಟ್ಟುವುದಿಲ್ಲ, ಆದರೆ ಉಂಡೆದ್ದ ಮೇಲೆ ಎಲೆ ಇದ್ದಲ್ಲಿಯೇ ಇರುತ್ತದೆ. ಮುಟ್ಟಲು ಯಾರೋ ಇದ್ದೇ ಇರುತ್ತಾರೆಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ಊರಿನಲ್ಲಿ ಎಲೆ ಎತ್ತುವವರು ಯಾರಾಗಿದ್ದರು, ಯಾವ ಜಾತಿಯವರಾಗಿದ್ದರು ಎಂದು ನೆನಪಿಸಿಕೊಳ್ಳಿ. ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ಬೆಂಗಳೂರಿನಲ್ಲಿ ನಾವು ಓದುತ್ತಿದ್ದ ಕಾಲದಲ್ಲಿ ಹಾಸ್ಟೆಲಿನ ಕಸ ಎಲ್ಲಿ ಹೋಗುತ್ತದೆಂದು ಒಂದು ದಿನವೂ ಕೇಳಲಿಲ್ಲ. ಆಮೇಲೆ ಪತ್ರಿಕೆಗಳಲ್ಲಿ ಓದಿದೆವು: ಮಾವಳ್ಳಿಪುರ, ಮಂಡೂರು. ನಗರದ ಬೆರಕೆ ಕಸವನ್ನು ವರ್ಷಗಟ್ಟಲೆ ಹೊತ್ತ ಆ ಹಳ್ಳಿಗಳ ಜನ ಕೊನೆಗೆ ಲಾರಿಗಳನ್ನು ತಡೆದು ನಿಂತರು. 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸದ ಲಾರಿ ಹೋಗುವುದು ನಿಂತಿತು. 2015ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಪ್ರತಿ ಮನೆಯೂ ಎರಡು ಡಬ್ಬಿ ಒಂದು ಚೀಲದ ಪದ್ಧತಿಯಲ್ಲಿ ಹಸಿ ಕಸ, ಒಣ ಕಸ, ಶೌಚ ತ್ಯಾಜ್ಯಗಳನ್ನು ಬೇರ್ಪಡಿಸಲೇಬೇಕೆಂದು ಆದೇಶಿಸಿತು. ಕಸ ಹುಟ್ಟಿದಲ್ಲಿಯೇ ಬೇರೆಯಾಗಬೇಕು, ಹುಟ್ಟಿಸಿದವರ ಕೈಯಲ್ಲಿಯೇ ಬೇರೆಯಾಗಬೇಕು. ಇಷ್ಟೇ ಅದರ ತಿರುಳು. ಹಳ್ಳಿಗಳು ಹಾದಿಗೆ ಅಡ್ಡನಿಂತ ಮೇಲೆ ನಗರ ಕಲಿತ, ಇನ್ನೂ ಪೂರ್ತಿ ಕಲಿಯದ ಪಾಠವನ್ನು ಸಾವಿರಾರು ಮೈಲಿ ದೂರದಲ್ಲಿ ಹಸಿರು ಅಕ್ಷರದ ವರದಿ ಬರೆದು ನಾವು ಮರೆತಿದ್ದೇವೆ. ನಮ್ಮ ತೋಟ ನಮ್ಮ ಪುಟ್ಟ ಮಂಡೂರಾಗಿದೆ. ಮಂಡೂರಿನವರಿಗೆ ಲಾರಿ ತಡೆಯಲು ಹಾದಿಯಿತ್ತು. ಮಣ್ಣಿಗೆ ಅದೂ ಇಲ್ಲ.

‘ಮರುಬಳಕೆ’ ಎಂಬ ಹೆಸರಿನಲ್ಲಿ ತೋಟಕ್ಕೆ ಬಂದಿಳಿಯುವ ಇನ್ನೂ ಕೆಲವು ವಸ್ತುಗಳಿವೆ. ಸೋನಾ ಮಸೂರಿಯ ಖಾಲಿ ಚೀಲದಲ್ಲಿ ಆಲೂಗಡ್ಡೆ ಬೆಳೆದ ಚಿತ್ರಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಹೃದಯಗಳು ಬಿದ್ದವು! ಆ ಚೀಲಗಳಲ್ಲಿ ಬಹುಪಾಲು ನೇಯ್ದ ಪಾಲಿಪ್ರೊಪಿಲೀನ್. ಎರಡು ಬೇಸಿಗೆಯ ಬಿಸಿಲಿಗೆ ಎಳೆಎಳೆಯಾಗಿ ಬಿಟ್ಟು ಮಣ್ಣಿನಲ್ಲಿ ನೂಲಾಗಿ ಉಳಿಯುತ್ತದೆ. ಒಂದು ಋತುವಿಗೆ ಬಳಸಿ, ಹರಿಯುವ ಮೊದಲೇ ಹೊರಗೆ ತೆಗೆದರೆ ಸರಿ, ಯಾರು ತೆಗೆಯುತ್ತಾರೆ? ಚಹಾದ ಚೀಲಗಳು ಇನ್ನೊಂದು: ಹಲವು ಬಗೆಯವುಗಳ ಅಂಚನ್ನು ಪ್ಲಾಸ್ಟಿಕ್ಕಿನಿಂದಲೇ ಬೆಸೆದಿರುತ್ತಾರೆ; ಪುಡಿ ಕರಗಿ ಬಲೆ ಉಳಿಯುತ್ತದೆ. ಸೋಸಿದ ಚಹಾಪುಡಿ ತನ್ನಿ, ಫಿಲ್ಟರ್ ಕಾಫಿಯ ಚರಟ ತನ್ನಿ, ಚೀಲ ಬೇಡ. ಅಡಿಕೆ ಹಾಳೆಯ ತಟ್ಟೆಯ ಬಗ್ಗೆ ನಮಗೆ ಮಮತೆಯಿದೆ, ಊರಿನದಲ್ಲವೇ. ಆದರೂ 2025ರಲ್ಲಿ ಅಮೆರಿಕದ ಎಫ್‌ಡಿಎ ಅಡಿಕೆಯ ಕ್ಷಾರಾಭಗಳು ಅದರಿಂದ ಆಹಾರಕ್ಕೆ ಇಳಿಯಬಹುದೆಂದು ಅಲ್ಲಿನ ವ್ಯಾಪಾರಿಗಳಿಗೆ ಎಚ್ಚರಿಕೆ ಕೊಟ್ಟಿದೆಯೆಂಬುದನ್ನು ವೈದ್ಯರಾಗಿ ಮುಚ್ಚಿಡಲಾರೆವು. ವಿಮಾನದಲ್ಲಿ ಬರುವ ಬಾಳೆಎಲೆಯ ಬಗ್ಗೆ ಜಗಳವಾಡುವ ಧೈರ್ಯ ನಮಗಿಲ್ಲ; ವರ್ಷಕ್ಕೊಮ್ಮೆ ಇರಲಿ. ಅದನ್ನಾದರೂ ಒರೆಸಿ, ಕೈಯಿಂದ ಹರಿದು ಹಾಕಿದರೆ ಮಣ್ಣು ಸ್ವೀಕರಿಸುತ್ತದೆ.

ತೋಟ ಏನನ್ನು ಬೇಡುತ್ತದೆ? ಬೇಡುವುದು ಬಹಳವಿಲ್ಲ. ಹಸಿ ತರಕಾರಿ ಸಿಪ್ಪೆ, ಕೊತ್ತಂಬರಿ ಸೊಪ್ಪಿನ ದಂಟು, ಪೂಜೆಯ ಹೂ (ದಾರ, ಜರಿ ಬಿಚ್ಚಿದ ಮೇಲೆ), ಮೊಟ್ಟೆಯ ಚಿಪ್ಪು, ಹರಿದ ರಟ್ಟು, ಶರತ್ಕಾಲದ ಎಲೆ. ಎಲೆಯನ್ನು ಚೀಲಗಳಲ್ಲಿ ಒದ್ದೆಯಾಗಿ ತುಂಬಿ ಒಂದೆರಡು ವರ್ಷ ಮರೆತರೆ ಅದರಂಥ ಹುಡಿ ಬೇರೆಯಿಲ್ಲ. ಬೇಯಿಸಿದ ಆಹಾರವನ್ನು ಮಣ್ಣಿಗೇ ಸೇರಿಸಬೇಕೆಂಬ ಛಲವಿರುವವರಿಗೆ ಜಪಾನಿನ ಬೊಕಾಶಿ ವಿಧಾನವಿದೆ: ಮುಚ್ಚಳ ಬಿಗಿಯಾದ ಬಕೆಟ್, ಸೂಕ್ಷ್ಮಾಣು ಬೆರೆಸಿದ ತೌಡು, ಸುಮಾರು ಎರಡು ವಾರ ಹುದುಗುವಿಕೆ, ಬಳಿಕ ಆಳವಾಗಿ ಹೂಳುವುದು. ದೋಸೆ ಹಿಟ್ಟು ಹುದುಗಿಸುವ ನಮಗೆ ಇದೇನೂ ವಿದ್ಯೆಯಲ್ಲ. ಆದರೆ ಅದು ಒಂದು ಮನೆಯ ಅಳತೆಗೆ ಸರಿ. ಇನ್ನೂರು ಜನರ ಹಬ್ಬಕ್ಕಲ್ಲ. ಹಬ್ಬದ ಉಳಿಕೆ ಸೇರಬೇಕಾದ್ದು ಆಹಾರ ತ್ಯಾಜ್ಯದ ಪ್ರತ್ಯೇಕ ಸಂಗ್ರಹಕ್ಕೆ. ಇಂಗ್ಲೆಂಡಿನಲ್ಲಿ 10 ಮತ್ತು ಹೆಚ್ಚು ನೌಕರರಿರುವ ಕೆಲಸದ ಸ್ಥಳಗಳಿಗೆ 2025ರ ಮಾರ್ಚ್ 31ರಿಂದಲೂ, ಕೆಲವು ಕೌನ್ಸಿಲ್‌ಗಳಿಗೆ ಕೊಟ್ಟ ಹೆಚ್ಚುವರಿ ಕಾಲಾವಕಾಶವನ್ನು ಬಿಟ್ಟರೆ ಮನೆಗಳಿಗೆ 2026ರ ಮಾರ್ಚ್ 31ರಿಂದಲೂ ಅದು ನಿಯಮವಾಗಿದೆ. ಅಲ್ಲಿಂದ ಅದು ಮುಚ್ಚಿದ ತೊಟ್ಟಿಗಳಿಗೆ ಹೋಗಿ ಅನಿಲವಾಗಿ ಉರಿಯುತ್ತದೆ, ಶೇಷ ಹೊಲಕ್ಕೆ ಹೋಗುತ್ತದೆ. ‘ಕಾಂಪೋಸ್ಟಬಲ್’ ತಟ್ಟೆ-ಲೋಟಗಳನ್ನು ಆ ಘಟಕಗಳಲ್ಲಿಯೂ ಸಾಮಾನ್ಯವಾಗಿ ಆರಿಸಿ ಹೊರಗೆ ಹಾಕುತ್ತಾರೆ. ಅಂದರೆ ಆ ತಟ್ಟೆಗೆ ಈ ಊರಿನಲ್ಲಿ ಎಲ್ಲಿಯೂ ನೆಲೆಯಿಲ್ಲ.

ಉಳಿದದ್ದು ಸ್ಟೀಲ್ ತಟ್ಟೆ. ಬೆಂಗಳೂರಿನಲ್ಲಿ ಮದುವೆ-ಮುಂಜಿಗಳಿಗೆ ತಟ್ಟೆ-ಲೋಟ ಎರವಲು ಕೊಡುವ ‘ತಟ್ಟೆ ಬ್ಯಾಂಕು’ಗಳು ನಡೆಯುತ್ತಿವೆ. ಇಲ್ಲಿ ಇನ್ನೂರು ತಟ್ಟೆ, ಇನ್ನೂರು ಲೋಟ ಕೊಳ್ಳಲು ನಮ್ಮ ಎರಡು ಹಬ್ಬಗಳ ಎಸೆಯುವ ಸಾಮಗ್ರಿಯ ಬಿಲ್ಲಿಗಿಂತ ಸ್ವಲ್ಪ ಹೆಚ್ಚು ಬೇಕು, ಅಷ್ಟೇ; ಲೆಕ್ಕವನ್ನು ಖಜಾಂಚಿಗಳಿಗೆ ಕೊಟ್ಟಿದ್ದೇವೆ. ‘ಅತಿಥಿಗಳಿಂದ ತಟ್ಟೆ ತೊಳೆಸುವುದು ಮರ್ಯಾದೆಯೇ’ ಎಂಬ ಪ್ರಶ್ನೆ ಬಂದಿದೆ. ಅತಿಥಿಗಳು ಯಾರು? ಚಂದಾ ಕೊಟ್ಟ ನಾವೇ. ತೊಳೆಯುವುದು ಐವರು ಹೆಂಗಸರ ಪಾಲಿಗೆ ಬೀಳದಂತೆ ಸರದಿ ಪಟ್ಟಿ ಮಾಡೋಣ. ಮೊದಲ ಸರದಿ ಸಮಿತಿಯ ಗಂಡಸರದಿರಲಿ, ಅದರಲ್ಲಿ ನಮ್ಮ ಹೆಸರನ್ನು ಮೊದಲು ಬರೆದಿದ್ದೇವೆ.

ಬರುವ ಸರ್ವಸದಸ್ಯರ ಸಭೆಯಲ್ಲಿ ನಾವು ಮಂಡಿಸಲಿರುವ ನಿರ್ಣಯ ಹೀಗಿದೆ: ಗಣೇಶ ಹಬ್ಬದ ಭೋಜನದಿಂದ ಮೊದಲ್ಗೊಂಡು ಸಂಘವು ಎಸೆಯುವ ತಟ್ಟೆ, ಲೋಟ, ಚಮಚಗಳನ್ನು ಕೊಳ್ಳತಕ್ಕದ್ದಲ್ಲ, ಹಬ್ಬದ ಯಾವ ಚೀಲವೂ ತೋಟದ ಬಾಗಿಲನ್ನು ದಾಟತಕ್ಕದ್ದಲ್ಲ, ಸಭಾಂಗಣವನ್ನು ಗೊತ್ತುಮಾಡುವಾಗಲೇ ಆಹಾರ ತ್ಯಾಜ್ಯದ ತೊಟ್ಟಿ ಇದೆಯೇ ಎಂದು ಕೇಳತಕ್ಕದ್ದು, ಕಳೆದ ಸಾಲಿನ ವರದಿಯಿಂದ ‘ಶೂನ್ಯ ತ್ಯಾಜ್ಯ’ ಎಂಬ ಪದಗಳನ್ನು ತೆಗೆದುಹಾಕಿ ತಿದ್ದುಪಡಿಯನ್ನು ದಾಖಲಿಸತಕ್ಕದ್ದು. ಅನುಮೋದಿಸುವವರೊಬ್ಬರು ಬೇಕು. ವಿರೋಧಿಸುವವರೂ ಬನ್ನಿ, ಆದರೆ ಮೊದಲು ತೋಟಕ್ಕೆ ಬನ್ನಿ.

ಆರಿಸಿ ತೆಗೆದ ಚಮಚ-ಲೋಟಗಳು ನಾಲ್ಕು ಚೀಲಗಳಾಗಿ ಕೊಟ್ಟಿಗೆಯ ಪಕ್ಕದಲ್ಲಿವೆ. ಅವನ್ನು ಕೌನ್ಸಿಲ್‌ನ ಕಸ ಸಂಗ್ರಹ ಕೇಂದ್ರಕ್ಕೆ ಒಯ್ಯಲು ಶನಿವಾರ ಬೆಳಗ್ಗೆ ಹತ್ತಕ್ಕೆ ದೊಡ್ಡ ಡಿಕ್ಕಿಯ ಕಾರು ಬೇಕಾಗಿದೆ. ಕೈಗವಸು ನಾವು ತರುತ್ತೇವೆ. ಕಾಫಿಗೆ ಲೋಟ ನೀವೇ ತನ್ನಿ.